ಒಟಿಪಿ ಅಣ್ಣನ ಫೋನಿಗೆ

6 ಜೂನ್ 2025, ಶುಕ್ರವಾರ

ಧಾರವಾಡದ ಸೀಟು ಆಯಿತು. ಬಿಎಸ್ಸಿ. ಕರ್ನಾಟಕ ವಿಶ್ವವಿದ್ಯಾಲಯ. ಬೆಳಿಗ್ಗೆಯಿಂದ ಎದೆ ಹಗುರ.

ತರಬೇಕಾದ ಕಾಗದಗಳ ಪಟ್ಟಿ ಕೊಟ್ಟಿದ್ದಾರೆ. ಅಂಕಪಟ್ಟಿ, ಟಿಸಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್. ಕೊನೆಗೆ ಪಾಸ್‌ಬುಕ್ಕಿನ ಮೊದಲ ಪುಟದ ಝೆರಾಕ್ಸ್. ಖಾತೆ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು, ಆಧಾರ್ ಜೋಡಣೆ ಆಗಿರಬೇಕು.

ಅಪ್ಪ ಟ್ರಂಕಿನಿಂದ ಹಳೆಯ ಪಾಸ್‌ಬುಕ್ಕು ತೆಗೆದುಕೊಟ್ಟ. ಆರನೇ ಇಯತ್ತೆಯಲ್ಲಿ ಸ್ಕಾಲರ್‌ಶಿಪ್ಪಿಗೆಂದು ತೆಗೆಸಿದ್ದು. ಮೇಲೆ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಎಂದಿದೆ. ಆ ಹೆಸರು ಈಗ ಇಲ್ಲ. ಮೇ 1ರಿಂದ ರಾಜ್ಯದ ಎರಡೂ ಗ್ರಾಮೀಣ ಬ್ಯಾಂಕುಗಳು ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ, ಮುಖ್ಯ ಕಚೇರಿ ಬಳ್ಳಾರಿಯಲ್ಲಿ. ಅಪ್ಪನಿಗೆ ಅದೇನೂ ಹೊಸದಲ್ಲ. ಅವನು ಮೊದಲ ಸಲ ಬೆಳೆಸಾಲ ತೆಗೆದಾಗ ಅದು ಬಿಜಾಪುರ ಗ್ರಾಮೀಣ ಬ್ಯಾಂಕ್ ಆಗಿತ್ತಂತೆ.

"ಇದ ಐತಲ್ಲ. ಮತ್ಯಾಕ ಹೊಸಾದು?" ಅಂದ.

ಹೊಸದು ಬೇಕು ಅಂತ ನಾನಿನ್ನೂ ಹೇಳಿರಲೇ ಇಲ್ಲ. ಮುಖದ ಮೇಲೆ ಕಂಡಿರಬೇಕು.

8 ಜೂನ್, ಭಾನುವಾರ, ರಾತ್ರಿ

ಅಣ್ಣ ಬನಹಟ್ಟಿಯಿಂದ ಬಂದ. ಒಂದು ಪಾಳಿ ಬಿಟ್ಟು ಬಂದಿದ್ದಾನೆ, ನನ್ನ ಸಲುವಾಗಿ. ಕರದಂಟು ತಂದಿದ್ದ. ಮಗ್ಗದ ಶೆಡ್ಡಿನಲ್ಲಿ ಇದ್ದೂ ಇದ್ದೂ ಮನೆಯಲ್ಲೂ ಜೋರಾಗಿಯೇ ಮಾತಾಡುತ್ತಾನೆ. ಅವ್ವ "ಸಾವಕಾಶ ಮಾತಾಡೋ" ಅಂತ ಅಂದಳು, ಅವನು ನಕ್ಕ.

ಪಾಸ್‌ಬುಕ್ಕಿಗೆ ಯಾರ ನಂಬರ್ ಕೊಟ್ಟೈತಿ ಅಂತ ಕೇಳಿದೆ.

"ನಂದ."

ಆಧಾರಿಗೆ?

"ಅದೂ ನಂದ. ಅವ್ವಂದೂ ನಂದ, ಆಯಿದೂ ನಂದ."

ಮನೆಗೆ ಮೊದಲು ಬಂದ ಫೋನು ಅವನದು. ಆಗ ಅದು ಅನುಕೂಲವಾಗಿತ್ತು. ನಾಲ್ಕು ಜನರ ದುಡ್ಡಿನ ಸುದ್ದಿ ಈಗಲೂ ಅವನ ಅಂಗಿಯ ಕಿಸೆಯಲ್ಲೇ ಗುಂಯ್ ಅನ್ನುತ್ತದೆ. ಅವ್ವನ ಗೃಹಲಕ್ಷ್ಮಿಯ 2,000 ಜಮಾ ಆದದ್ದು ಅವ್ವನಿಗೆ ತಿಳಿಯುವುದು ಅವನು ಫೋನ್ ಮಾಡಿದಾಗ.

ಅವನು ಎಂದೂ ಒಂದು ರೂಪಾಯಿ ಮುಟ್ಟಿದವನಲ್ಲ. ಇದನ್ನು ಬರೆದಿಡಬೇಕು ಅನ್ನಿಸಿತು.

11 ಜೂನ್, ಬುಧವಾರ

ಕಾರಹುಣ್ಣಿಮೆ. ಎತ್ತುಗಳ ಕೋಡಿಗೆ ಬಣ್ಣ. ನಮ್ಮ ಓಣಿಯಲ್ಲಿ ಎತ್ತು ಇರುವ ಮನೆಗಳೇ ಕಡಿಮೆಯಾಗಿವೆ, ಎಲ್ಲ ಟ್ರ್ಯಾಕ್ಟರು. ಅಪ್ಪನ ಮನಸ್ಸು ಚೆನ್ನಾಗಿತ್ತು. ಬ್ಯಾಂಕಿನ ಮಾತು ತೆಗೆಯಲಿಲ್ಲ.

13 ಜೂನ್, ಶುಕ್ರವಾರ

ಬ್ಯಾಂಕಿಗೆ ಹೋದೆವು, ನಾನೂ ಅಪ್ಪನೂ. ಮೇಡಂ ಸಮಾಧಾನದಿಂದ ಹೇಳಿದರು. ಇದು ಅಪ್ರಾಪ್ತರ ಖಾತೆ, ತಂದೆ ಪಾಲಕ. ಹದಿನೆಂಟು ತುಂಬಿದ ಮೇಲೆ ನನ್ನ ಹೊಸ ಸಹಿ, ಫೋಟೋ, ಕೆವೈಸಿ ಕೊಡಬೇಕು. ಇಲ್ಲದಿದ್ದರೆ ವ್ಯವಹಾರ ನಿಲ್ಲುತ್ತದೆ. ಕೊಟ್ಟರೆ ಖಾತೆ ಪೂರ್ತಿ ನನ್ನದಾಗುತ್ತದೆ. ಇದೇ ಖಾತೆಯನ್ನು ಮುಂದುವರಿಸಬಹುದು, ಮುಚ್ಚಿ ಬೇರೆ ಕಡೆಯೂ ತೆಗೆಯಬಹುದು.

ಪಾಸ್‌ಬುಕ್ಕು ಪ್ರಿಂಟ್ ಮಾಡಿಕೊಟ್ಟರು. ಬಸ್ಸಿಗೆ ಕಾಯುತ್ತ ಓದಿದೆ. ಜಮಾ, ಆಮೇಲೆ ತೆಗೆದದ್ದು. ಜಮಾ, ತೆಗೆದದ್ದು. ರೈತ ವಿದ್ಯಾನಿಧಿಯ 3,000 ಬಂದ ವಾರದಲ್ಲೇ ಹೋಗಿದೆ. ಗೊತ್ತಿದ್ದದ್ದೇ. ಅಚ್ಚಾಗಿ ಕಂಡಾಗ ಬೇರೆ ಅನ್ನಿಸುತ್ತದೆ.

ಒಂದು ಸಾಲಿನ ಮೇಲೆ ಕಣ್ಣು ನಿಂತಿತು. 2019ರ ಆಗಸ್ಟ್ ಕೊನೆ. ಘಟಪ್ರಭೆ, ಕೃಷ್ಣೆ ಎರಡೂ ಏರಿ ಬಂದ ತಿಂಗಳು. ಕಬ್ಬು ನೀರಲ್ಲಿ ನಿಂತು ಕೊಳೆತಿತ್ತು. ಆಗ ಖಾತೆಯಲ್ಲಿ ಇದ್ದದ್ದೆಷ್ಟೋ ಅಷ್ಟನ್ನೂ ಅಪ್ಪ ತೆಗೆದಿದ್ದಾನೆ, ಸಾವಿರವೂ ಇರಲಿಲ್ಲ. ಆ ದುಡ್ಡಿಗೆ ಏನು ಬಂತು? ಜೋಳ ಬಂದಿರಬಹುದು, ನನ್ನ ನೋಟ್‌ಬುಕ್ಕೇ ಬಂದಿರಬಹುದು.

ಅಪ್ಪ ಪಕ್ಕದಲ್ಲೇ ಕೂತಿದ್ದ. ಪಾಸ್‌ಬುಕ್ಕು ಮಡಚಿ ಚೀಲಕ್ಕೆ ಹಾಕಿದೆ. ಕೇಳಲಿಲ್ಲ.

14 ಜೂನ್, ಶನಿವಾರ

ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಝೆರಾಕ್ಸಿಗೆ ಬೀಳಗಿ ಪೇಟೆಗೆ ಹೋದರೆ ಒಂದು ಖಾಸಗಿ ಬ್ಯಾಂಕಿನ ಹುಡುಗ ಕೊಡೆ ಕೆಳಗೆ ಮೇಜು ಹಾಕಿ ಕೂತಿದ್ದ. ಐದು ನಿಮಿಷದಲ್ಲಿ ಖಾತೆ, ಕೈಯಲ್ಲೇ ಕಾರ್ಡು. ಕನಿಷ್ಠ ಎಷ್ಟು ಇಡಬೇಕು ಅಂತ ಕೇಳಿದೆ. "ವಿದ್ಯಾರ್ಥಿಗಳಿಗೆ ಇಲ್ಲರಿ." ವಿದ್ಯಾರ್ಥಿ ಆಗಿರೋದು ಮುಗಿದ ಮೇಲೆ? ಆ ಪ್ರಶ್ನೆಗೆ ಕಾರ್ಡಿನ ಬಣ್ಣ ತೋರಿಸಿದ.

ಫಾರ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ ಶುಲ್ಕಗಳ ಪಟ್ಟಿ ಇತ್ತು. ಅದನ್ನು ಮನೆಗೆ ಒಯ್ದು ಓದುತ್ತೇನೆ ಅಂದೆ. ಕೊಡಲಿಲ್ಲ.

16 ಜೂನ್, ಸೋಮವಾರ

ಲೆಕ್ಕ ಹಾಕಿದೆ. ಸ್ಟೇಟ್ ಬ್ಯಾಂಕಿನ ಉಳಿತಾಯ ಬಡ್ಡಿ ನಿನ್ನೆಯಿಂದ ಶೇ. 2.5. ಅಂಚೆ ಕಚೇರಿಯಲ್ಲಿ ಶೇ. 4, ಆದರೆ 500 ರೂಪಾಯಿ ಯಾವಾಗಲೂ ಇರಬೇಕು. ವರ್ಷವಿಡೀ ಹತ್ತು ಸಾವಿರ ಇಟ್ಟರೆ ಒಂದು ಕಡೆ 250, ಇನ್ನೊಂದು ಕಡೆ 400. ವ್ಯತ್ಯಾಸ 150 ರೂಪಾಯಿ. ವರ್ಷವಿಡೀ ಹತ್ತು ಸಾವಿರ ನನ್ನಲ್ಲಿ ಇರುವುದಿಲ್ಲ. ಬಡ್ಡಿ ನೋಡಿ ಆರಿಸುವುದು ನನ್ನಂಥವರಿಗಲ್ಲ.

ಕನಿಷ್ಠ ಮೊತ್ತ ಮುಖ್ಯ. ಸ್ಟೇಟ್ ಬ್ಯಾಂಕ್ 2020ರಲ್ಲೇ ಅದರ ದಂಡ ತೆಗೆದಿದೆ. ಕೆನರಾ ಈ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳಿಗೂ ತೆಗೆದಿದೆ. ಇದಲ್ಲದೆ ಮೂಲ ಉಳಿತಾಯ ಖಾತೆ ಅಂತ ಒಂದಿದೆ, ರಿಸರ್ವ್ ಬ್ಯಾಂಕಿನ ನಿಯಮ, ಎಲ್ಲ ಬ್ಯಾಂಕೂ ಕೊಡಲೇಬೇಕು. ಶೂನ್ಯ ಮೊತ್ತ, ಕಾರ್ಡಿಗೆ ವಾರ್ಷಿಕ ಶುಲ್ಕವಿಲ್ಲ, ತಿಂಗಳಿಗೆ ನಾಲ್ಕು ಸಲ ಉಚಿತವಾಗಿ ತೆಗೆಯಬಹುದು. ಅದು ಇದ್ದರೆ ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇಡುವಂತಿಲ್ಲ. ಮೇಜು ಹಾಕಿದ ಹುಡುಗ ಇದರ ಹೆಸರೇ ಎತ್ತಲಿಲ್ಲ.

17 ಜೂನ್, ಮಂಗಳವಾರ, ಮಧ್ಯಾಹ್ನ

ಗ್ರಾಮ ಒನ್. ನನ್ನ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ನೋಡಬೇಕಿತ್ತು. ಹನ್ನೆರಡು ಅಂಕಿ ಹೊಡೆದರು. ಒಟಿಪಿ ಬನಹಟ್ಟಿಗೆ ಹೋಯಿತು.

ಅಣ್ಣನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಿದ. ಮಗ್ಗಗಳ ಖಟಖಟ ಬಿಟ್ಟರೆ ಏನೂ ಕೇಳಿಸಲಿಲ್ಲ. "ಒಟಿಪಿ! ಒಟಿಪಿ!" ಅಂತ ನಾನು ಕೂಗುವುದು, ಸಾಲಿನಲ್ಲಿ ನಿಂತವರು ನನ್ನನ್ನೇ ನೋಡುವುದು. ಅವನು ಹೊರಗೆ ಬಂದು ಅಂಕಿ ಹೇಳುವಷ್ಟರಲ್ಲಿ ಅವಧಿ ಮುಗಿದಿತ್ತು. ಇನ್ನೊಂದು ಕಳಿಸಿದರು. ಅಷ್ಟರಲ್ಲಿ ಅವನು ಒಳಗೆ ಹೋಗಿದ್ದ. ಎಳೆ ಕಡಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಮಜೂರಿ ಇಲ್ಲ. ಅವನನ್ನು ಮತ್ತೆ ಕರೆಯಲು ಮನಸ್ಸಾಗಲಿಲ್ಲ.

"ನಿಂದ ಅಂತ ಒಂದ ನಂಬರ್ ಮಾಡಿಕೊಂಡ ಬಾರವಾ ತಂಗಿ" ಅಂದರು ಗ್ರಾಮ ಒನ್‌ನವರು.

ರಾತ್ರಿ

ಬ್ಯಾಂಕು ಯಾವುದು ಅನ್ನೋದು ಎರಡನೇ ಪ್ರಶ್ನೆ. ಖಾತೆಗೆ ಕೊಟ್ಟ ನಂಬರಿನ ಸಿಮ್ಮು ಇದ್ದ ಫೋನಿನಲ್ಲೇ ಯುಪಿಐ ನಡೆಯುತ್ತದೆ. ಧಾರವಾಡದಲ್ಲಿ ನಾನು ಚಹಾ ಕುಡಿದರೆ ಬನಹಟ್ಟಿಯ ಶೆಡ್ಡಿನಲ್ಲಿ ಮೆಸೇಜು. ಅಣ್ಣ ಏನೂ ಅನ್ನುವುದಿಲ್ಲ. ಆದರೂ.

18 ಜೂನ್, ಬುಧವಾರ

ಕಾಕಾ ಬಂದಿದ್ದರು. ಒಂದು ಪತ್ತಿನ ಸಹಕಾರಿಯ ಪಿಗ್ಮಿ ಎತ್ತುತ್ತಾರೆ. "ನಮ್ಮ ಸೊಸೈಟಿಯೊಳಗ ತಗಿ, ಬಡ್ಡಿ ಹೆಚ್ಚು, ಮನಿಮಂದಿ ಇದ್ದಂಗ." ಸ್ಕಾಲರ್‌ಶಿಪ್ ಅಲ್ಲಿಗೆ ಬರುವುದಿಲ್ಲ ಕಾಕಾ ಅಂದೆ. "ಅದು ಅಲ್ಲಿ ಬರಲಿ, ಉಳದದ್ದ ಇಲ್ಲಿ ಇಡು."

ಆಯಿ ಒಳಗಿಂದಲೇ ಅಂದಳು: "ಉಳದದ್ದ ಇಟ್ಟ ಹೋದಾವ ನಿಮ್ಮಪ್ಪ."

ಎಲ್ಲರೂ ಸುಮ್ಮನಾದರು. ಅಜ್ಜನ ಹೊಲ, ಮನೆ ಆಲಮಟ್ಟಿಯ ಹಿನ್ನೀರಿಗೆ ಹೋದಾಗ ಬಂದ ಪರಿಹಾರದ ಒಂದು ಪಾಲು ಅವನು ಹೆಚ್ಚಿನ ಬಡ್ಡಿಗೆಂದು ಒಂದು ಸೊಸೈಟಿಯಲ್ಲಿ ಇಟ್ಟಿದ್ದ. ಅದು ಬಾಗಿಲು ಹಾಕಿತು. ಬ್ಯಾಂಕಾಗಿದ್ದರೆ ಠೇವಣಿ ವಿಮೆ ಇರುತ್ತಿತ್ತು, ಆಗ ಒಂದು ಲಕ್ಷದವರೆಗೆ, 2020ರಿಂದ ಐದು ಲಕ್ಷ. ಸಹಕಾರಿ ಬ್ಯಾಂಕುಗಳಿಗೂ ಉಂಟು. ಪತ್ತಿನ ಸಂಘಗಳಿಗೆ ಇಲ್ಲ. ಎಲ್ಲ ಸೊಸೈಟಿಯೂ ಕೆಟ್ಟದ್ದೆಂದು ಹೇಳಲಾರೆ. ನಮ್ಮ ಸೀಮೆಯ ಎಷ್ಟೋ ಅಂಗಡಿ ಅವುಗಳಿಂದಲೇ ನಿಂತಿವೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಹುಟ್ಟಿದ ದಾರಿ ಅದು.

ಆಯಿಯನ್ನು ಆಮೇಲೆ ಕೇಳಿದೆ, ಆ ಪರಿಹಾರದ ಕಾಗದದಲ್ಲಿ ನಿನ್ನ ಹೆಸರು ಇತ್ತೇನು?

"ನನ್ನ ಹೆಸರು ಯಾಕ ಇರತೈತಿ?"

20 ಜೂನ್, ಶುಕ್ರವಾರ

ಅವ್ವ ಒಲೆಯ ಹತ್ತಿರ ಕರೆದಳು. ಸೆರಗಿನ ಗಂಟಿನಿಂದ ಮುನ್ನೂರು ರೂಪಾಯಿ. "ಸಿಮ್ ತೊಗೊ. ನಿನ್ನ ಹೆಸರೀಲೆ ತೊಗೊ." ಅಪ್ಪನಿಗೆ ಹೇಳಲೇ ಅಂದರೆ "ಹೇಳು, ಯಾಕ ಹೇಳಬಾರದು" ಅಂದಳು. ಸ್ವಲ್ಪ ಹೊತ್ತು ಬಿಟ್ಟು "ಸಿಮ್ ತೊಗೊಂಡ ಮ್ಯಾಲ ಹೇಳು" ಅಂದಳು.

21 ಜೂನ್, ಶನಿವಾರ

ಸಿಮ್ಮು ಬಂತು. ಹದಿನೆಂಟಾದದ್ದರ ಮೊದಲ ಉಪಯೋಗ. ಅಣ್ಣನ ಹಳೆಯ ಫೋನಿಗೆ ಹಾಕಿದ್ದೇನೆ. ಗಾಜು ಒಡೆದಿದೆ, ನಡೆಯುತ್ತದೆ.

23 ಜೂನ್, ಸೋಮವಾರ

ಪೋಸ್ಟ್‌ಮನ್ ಅಣ್ಣನವರು ಮನೆಗೇ ಬಂದು ಆಧಾರಿನ ಮೊಬೈಲ್ ನಂಬರ್ ಬದಲಿಸಿಕೊಟ್ಟರು. ಅಂಚೆಯ ಪೇಮೆಂಟ್ಸ್ ಬ್ಯಾಂಕಿನ ಕಡೆಯಿಂದ ಆ ಸೌಲಭ್ಯ ಇದೆ. ಹೆಬ್ಬೆಟ್ಟು, 50 ರೂಪಾಯಿ. ಕೆಲವು ದಿನ ಹಿಡಿಯುತ್ತದಂತೆ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಂದೂ ಆಗತೈತೇನ್ರಿ?" ಅಂತ ಕೇಳಿದಳು. ಆಗತೈತಿ ಅಂದರು. "ನಂಬರ್ ಎಲ್ಲಿಂದ ತರಲಿ" ಅಂತ ಒಳಗೆ ಹೋದಳು.

25 ಜೂನ್, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ತಂಗಿ ಹಿತ್ತಲಲ್ಲಿ ಎತ್ತು ಮಾಡಿದಳು, ಒಂದರ ಕೊಂಬು ಉದ್ದ. ಈ ಸಲ ಮಳೆ ಬೇಗ ಬಂದಿದೆ. ಹೋಳಿಗೆ ತಿಂದು ಎಲ್ಲರೂ ಮಲಗಿದ ಮೇಲೆ ಅಪ್ಪನಿಗೆ ಸಿಮ್ಮಿನ ವಿಷಯ ಹೇಳಿದೆ. "ಛಲೋ ಆತು, ಧಾರವಾಡಕ್ಕ ಬೇಕಾಗತಿತ್ತು" ಅಂದ. ಅಷ್ಟೇ. ನಾನು ಇಷ್ಟು ದಿನ ಹೆದರಿದ್ದು ಯಾಕೆ?

ಖಾತೆಯ ಮಾತು ಹೇಳಲಿಲ್ಲ. ಅದು ಸಿಮ್ಮಿನಷ್ಟು ಸಲೀಸಲ್ಲ. ಒಬ್ಬರ ಆಧಾರಿಗೆ ಸರ್ಕಾರದ ದುಡ್ಡು ಬರುವುದು ಒಂದೇ ಖಾತೆಗೆ, ಕೊನೆಯಲ್ಲಿ ಜೋಡಿಸಿದ್ದಕ್ಕೆ. ಹೊಸದನ್ನು ಜೋಡಿಸಿದ ದಿನವೇ ಹಳೆಯದು ತಪ್ಪಿಹೋಗುತ್ತದೆ. ಆ ಟ್ರಂಕಿನ ಪಾಸ್‌ಬುಕ್ಕಿಗೆ ಇನ್ನು ಏನೂ ಬರುವುದಿಲ್ಲ. ಅಪ್ಪ ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡಿದ್ದಾನೆ ಅಂತ ನನಗೆ ಗೊತ್ತು. ಕಬ್ಬಿನ ಬಿಲ್ಲು ಆಗುವವರೆಗೆ ಮನೆ ನಡೆಯುವುದು ಇಂಥ ಸಣ್ಣ ಸಣ್ಣ ಜಮಾಗಳಿಂದಲೇ.

28 ಜೂನ್, ಶನಿವಾರ

ಗೆಳತಿ ಸ. ಬಂದಿದ್ದಳು. ಅವಳಿಗೆ ಜಮಖಂಡಿಯಲ್ಲಿ ಸೀಟು. ಬಾಗಲಕೋಟ ವಿಶ್ವವಿದ್ಯಾಲಯ ಜಮಖಂಡಿಗೇ ಬಂದ ಮೇಲೆ ಅವರ ಮನೆಯವರು ದೂರ ಕಳಿಸಲು ಒಪ್ಪಲಿಲ್ಲ.

ಪಿಸುಮಾತಲ್ಲಿ ಹೇಳಿದಳು. ಅವಳ ಅಣ್ಣನ ಪರಿಚಯದವನೊಬ್ಬ ಖಾತೆಗಳನ್ನು 'ಬಾಡಿಗೆ' ತೆಗೆದುಕೊಳ್ಳುತ್ತಾನಂತೆ. ಹೊಸ ಖಾತೆ ತೆಗೆಸಿ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಮೂರೂ ಅವನ ಕೈಗೆ. ಐದು ಸಾವಿರ ರೊಕ್ಕ ಕೈಮೇಲೆ. "ನಮ್ಮ ದುಡ್ಡ ಏನ ಹೋಗಾಂಗಿಲ್ಲಲ್ಲ, ಖಾಲಿ ಖಾತೆ."

ಮೋಸದ ದುಡ್ಡು ದಾಟಿಸಲಿಕ್ಕೆ ಅದು, ಪೊಲೀಸರು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ ಅಂದೆ. ಕೊಡಬೇಡ ಅಂದೆ. ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೇಳು, 1930ಕ್ಕೆ ಫೋನ್ ಮಾಡು ಅಂದೆ. ಅವಳು ಕೊಟ್ಟಿಲ್ಲ ಅಂದಳು.

ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತ ನನ್ನ ಮುಖ ನೋಡಲಿಲ್ಲ.

3 ಜುಲೈ, ಗುರುವಾರ, ಧಾರವಾಡ

ಪ್ರವೇಶ ಮುಗಿಯಿತು. ನಾನೊಬ್ಬಳೇ ಬಂದೆ. ಆಧಾರ್ ತೋರಿಸಿದರೆ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಅದಿಲ್ಲದಿದ್ದರೆ ಅಪ್ಪನೂ ಬರುತ್ತಿದ್ದ, ಅಥವಾ ಇಬ್ಬರೂ ಬರುತ್ತಿರಲಿಲ್ಲ.

ಮಧ್ಯಾಹ್ನ ಕೆನರಾ ಬ್ಯಾಂಕಿಗೆ ಹೋದೆ. ಯಾಕೆ ಅದೇ? ಕನಿಷ್ಠ ಮೊತ್ತ ಇಲ್ಲ. ಊರಿಗೆ ಹೋದಾಗ ಬಾಗಲಕೋಟೆಯಲ್ಲೂ ಸಿಗುತ್ತದೆ. ಇನ್ನೊಂದು ಕಾರಣ ಯಾರಿಗೂ ಹೇಳುವಂಥದ್ದಲ್ಲ. ಪಿಯುಸಿಯಲ್ಲಿ ಸರ್ ಹೇಳಿದ್ದರು. 1906ರಲ್ಲಿ ಮಂಗಳೂರಿನಲ್ಲಿ ಆ ಬ್ಯಾಂಕು ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ ಅದಕ್ಕೂ ಮೊದಲು ಹೆಣ್ಣುಮಕ್ಕಳ ಶಾಲೆ ತೆಗೆದಿದ್ದರಂತೆ. 2020ರಲ್ಲಿ ಅದರೊಳಗೆ ಸೇರಿದ ಸಿಂಡಿಕೇಟ್ ಬ್ಯಾಂಕನ್ನು 1925ರಲ್ಲಿ ಉಡುಪಿಯಲ್ಲಿ ಕಟ್ಟಿದ್ದು ಕೈಮಗ್ಗದ ನೇಕಾರರ ಕಷ್ಟಕ್ಕೆ. ಕಾಕಾ ಎತ್ತುವ ಪಿಗ್ಮಿಯೂ ಅಲ್ಲಿಂದಲೇ, 1928ರಲ್ಲಿ ಶುರುವಾದದ್ದು, ದಿನಕ್ಕೆ ಎರಡಾಣೆ. ನೂರು ವರ್ಷದ ಹಿಂದಿನದು ಈಗ ಉಳಿದಿದೆಯೋ ಇಲ್ಲವೋ. ನನಗೆ ಹಿಡಿಸಿತು.

ಫಾರ್ಮಿನಲ್ಲಿ ಮೊಬೈಲ್ ನಂಬರ್ ಬರೆದೆ. ನನ್ನ ನಂಬರ್ ನನಗಿನ್ನೂ ಬಾಯಿಪಾಠ ಇಲ್ಲ, ನೋಡಿ ಬರೆದೆ.

ಅಂಕಪಟ್ಟಿಯಲ್ಲಿ ಇನಿಷಿಯಲ್ಲು, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು. ಆಧಾರಿನಂತೆಯೇ ಇರಲಿ ಅಂದರು.

ನಾಮಿನಿ: ಅವ್ವ. ಅವಳ ಜನ್ಮದಿನಾಂಕ ಆಧಾರಿನಲ್ಲಿ ಜನವರಿ 1. ಆಯಿದೂ ಜನವರಿ 1. ಯಾರೋ ಹುಟ್ಟಿದ ದಿನ ಕೇಳಿದಾಗ ಇವರಿಗೆ ಗೊತ್ತಿರಲಿಲ್ಲ, ಬರೆಯುವವನು ಒಂದು ದಿನ ಕೊಟ್ಟುಬಿಟ್ಟ.

ಅಧಿಕಾರಿ ಇನ್ನೊಂದು ಕಾಗದ ಮುಂದಿಟ್ಟರು. ಆಧಾರ್ ಜೋಡಣೆಯ ಒಪ್ಪಿಗೆ ಪತ್ರ, ಎನ್‌ಪಿಸಿಐದು. "ಹಳೇ ಬ್ಯಾಂಕಿನಿಂದ ಇಲ್ಲಿಗೆ ಬದಲಿಸಬೇಕೇನು?" ಪೆನ್ನು ಎತ್ತಿದೆ. ಮನೆಯಲ್ಲಿ ಕೇಳಿ ಕೊಡ್ತೀನ್ರಿ ಅಂದೆ. ಅವರು ಒತ್ತಾಯ ಮಾಡಲಿಲ್ಲ. ಕಾಗದ ಚೀಲದಲ್ಲಿದೆ.

ಒಂದು ವಿಷಯ ಕೇಳಿ ತಿಳಿದದ್ದು: ಹತ್ತು ವರ್ಷ ದಾಟಿದ ಮಕ್ಕಳು ಪಾಲಕರಿಲ್ಲದೆಯೂ ಖಾತೆ ತೆಗೆದು ನಡೆಸಬಹುದು, ಬ್ಯಾಂಕು ಒಪ್ಪಿ ಹಾಕಿದ ಮಿತಿಯೊಳಗೆ. ತಂಗಿಗೆ ಹನ್ನೆರಡು.

5 ಜುಲೈ, ಶನಿವಾರ

ಮೊದಲ ಮೆಸೇಜು. ನನ್ನ ಫೋನಿಗೆ. 500 ಜಮಾ. ಅಡುಗೆಮನೆಗೆ ಹೋಗಿ ಅವ್ವನಿಗೆ ಓದಿ ಹೇಳಿದೆ. "ಮತ್ತೊಮ್ಮೆ ಓದು" ಅಂದಳು.

7 ಜುಲೈ, ಸೋಮವಾರ

ಸ. ಫೋನ್ ಎತ್ತುತ್ತಿಲ್ಲ.

9 ಜುಲೈ, ಬುಧವಾರ

ದೇಶವ್ಯಾಪಿ ಮುಷ್ಕರ, ಬ್ಯಾಂಕ್ ನೌಕರರ ಸಂಘಗಳೂ ಸೇರಿವೆ. ಒಪ್ಪಿಗೆ ಪತ್ರ ಕೊಡದಿರಲು ಇವತ್ತೊಂದು ಕಾರಣ ಸಿಕ್ಕಿತು. ಅದು ಚೀಲದಲ್ಲಿ ಮಡಿಕೆ ಬಿದ್ದಿದೆ.

ಕೊಟ್ಟರೆ ವಿದ್ಯಾನಿಧಿಯ ದುಡ್ಡು ನನಗೆ. ಪದವಿಯ ಹುಡುಗಿಯರಿಗೆ 5,500. ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ, ತಿಂಗಳಿಗೆ 1,500, ಹತ್ತು ತಿಂಗಳು. ಅದು ಧಾರವಾಡದಲ್ಲಿ ನನ್ನ ಊಟ, ಅಲ್ಲಿ ಅಪ್ಪ ತೆಗೆದು ಕಳಿಸುವವರೆಗೆ ಕಾಯಲಾಗದು. ಇದು ಸರಿಯಾದ ಲೆಕ್ಕ. ಆದರೂ 2019ರ ಆ ಸಾಲು ಕಣ್ಣೆದುರಿಗೆ ಬರುತ್ತದೆ. ಮತ್ತೆ ನೆರೆ ಬಂದರೆ ಅವನು ಯಾವ ಪಾಸ್‌ಬುಕ್ಕು ತೆಗೆಯುತ್ತಾನೆ?

10 ಜುಲೈ, ಗುರುವಾರ, ರಾತ್ರಿ

ಹೇಳಿದೆ. ಅಪ್ಪ ಅಂಗಳದಲ್ಲಿ ಕೂತಿದ್ದ. ಎಲ್ಲ ಹೇಳಿದೆ, ನಂಬರು, ಖಾತೆ, ಜೋಡಣೆ, ಹಳೆಯದಕ್ಕೆ ಇನ್ನು ಬರುವುದಿಲ್ಲ ಅನ್ನೋದೂ.

ಬಹಳ ಹೊತ್ತು ಎಲೆ ಅಡಿಕೆ ಹಾಕಿಕೊಂಡ. "ನಾ ತಿಂದೀನೇನು ಆ ರೊಕ್ಕ?" ಅಂದ.

ಇಲ್ಲಪ್ಪಾ ಅಂದೆ.

"ಮತ್ತ?"

ಅದಕ್ಕೆ ಉತ್ತರ ಕೊಡಲಾಗಲಿಲ್ಲ. ಅವನು ತಿಂದಿಲ್ಲ. ನನಗೆ ಅದು ಬೇಕು. ಎರಡೂ ನಿಜ, ಒಂದರ ಪಕ್ಕ ಒಂದು ಇಟ್ಟರೆ ಜಗಳದಂತೆ ಕೇಳುತ್ತದೆ.

ಒಳಗೆ ಹೋಗುವಾಗ ಅಂದ, "ಕೊಡು ಆ ಕಾಗದ. ನಾಳೆ ಕೊಟ್ಟು ಬಾ."

11 ಜುಲೈ, ಶುಕ್ರವಾರ

ಬಾಗಲಕೋಟೆಯ ಶಾಖೆಯಲ್ಲಿ ತೆಗೆದುಕೊಂಡರು. ಧಾರವಾಡಕ್ಕೇ ಹೋಗಬೇಕಾಗಲಿಲ್ಲ.

ಹಳೆಯ ಖಾತೆಯನ್ನು ಮುಚ್ಚುವುದಿಲ್ಲ. ಮೇಡಂ ಹೇಳಿದ ಕೆವೈಸಿ ಕೊಟ್ಟು ಇಟ್ಟುಕೊಳ್ಳುತ್ತೇನೆ. ಊರಿಗೆ ದುಡ್ಡು ಕಳಿಸಬೇಕಾದರೆ ಬೇಕು.

16 ಜುಲೈ, ಬುಧವಾರ

ಆಧಾರ್ ವೆಬ್‌ಸೈಟಿನಲ್ಲಿ ನೋಡಿದೆ. ಒಟಿಪಿ ಬಂದ ಕೂಡಲೇ ನಾನೇ ಹೊಡೆದೆ. ಬ್ಯಾಂಕಿನ ಹೆಸರು ಬದಲಾಗಿದೆ. ಜೋಡಣೆ ಸಕ್ರಿಯ.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ನನ್ನ ಫೋನ್ ಸುಮ್ನಾತ ನೋಡ" ಅಂದ. ಖುಷಿಯೋ ಬೇಸರವೋ, ಆ ಗದ್ದಲದಲ್ಲಿ ತಿಳಿಯಲಿಲ್ಲ.

18 ಜುಲೈ, ಶುಕ್ರವಾರ

ಸ.ಳ ತಾಯಿ ಅವ್ವನಿಗೆ ಹೇಳಿದರಂತೆ, ಮಗಳ ಖಾತೆ ತಡೆಹಿಡಿದಿದ್ದಾರೆ, ಯಾಕೆಂದು ತಿಳಿಯದು. ಪ್ರವೇಶದ ದುಡ್ಡು ಅದರಲ್ಲೇ ಇತ್ತು. ನಾಳೆ ಅವರ ಮನೆಗೆ ಹೋಗಬೇಕು. ಏನು ಹೇಳಲಿ? ಅವಳಾಗಿ ಹೇಳುವವರೆಗೆ ಅವರ ತಾಯಿಯ ಮುಂದೆ ನಾನು ಬಾಯಿ ಬಿಡಲೋ ಬೇಡವೋ.

20 ಜುಲೈ, ಭಾನುವಾರ

ಸ. ಅತ್ತಳು. ಸೋಮವಾರ ಅವಳ ಜೊತೆ ಬ್ಯಾಂಕಿಗೆ, ಆಮೇಲೆ ಠಾಣೆಗೆ ಹೋಗುವುದೆಂದು ಮಾತಾಗಿದೆ. ಅವಳ ಅಣ್ಣ ಬೇಡ ಅನ್ನುತ್ತಿದ್ದಾನೆ. ಬರುತ್ತಾಳೋ ಇಲ್ಲವೋ.

ನಾನು ಮಂಗಳವಾರ ಬೆಳಿಗ್ಗೆ ಐದೂವರೆಯ ಬಸ್ಸಿಗೆ ಹೊರಡುವುದು. ಹಾಸಿಗೆ, ಟ್ರಂಕು, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಾರೆ.

ಅಪ್ಪ ಊಟಕ್ಕೆ ಕೂತಾಗ ಕೇಳಿದ, ಖಾತೆಯಲ್ಲಿ ಎಷ್ಟಿದೆ ಅಂತ. ಸುಮ್ಮನೆ ಕೇಳಿದಂತೆ ಕೇಳಿದ. ಗೊಬ್ಬರದ ಅಂಗಡಿಯವರು ಬಾಕಿ ಕೇಳುತ್ತಿದ್ದಾರೆ, ಅದು ನನಗೆ ಗೊತ್ತಿದೆ ಅನ್ನೋದೂ ಅವನಿಗೆ ಗೊತ್ತು. 4,200 ಇದೆ, ಆಯಿ ಮತ್ತು ಕಾಕಾ ಕೊಟ್ಟದ್ದೂ ಸೇರಿ. ಹಾಸ್ಟೆಲ್ ಪಟ್ಟಿ ಇನ್ನೂ ಬಂದಿಲ್ಲ.

ನೋಡಿ ಹೇಳತೀನಿ ಅಂದಿದ್ದೇನೆ. ಎರಡು ಸಾವಿರ ಕೊಟ್ಟರೆ 2,200 ಉಳಿಯುತ್ತದೆ. ಮೊದಲ ತಿಂಗಳ ಊಟಕ್ಕೆ ಸಾಲುವುದೋ ಅಂತ ಧಾರವಾಡದಲ್ಲಿ ಓದುವ ಓಣಿಯ ಅಕ್ಕನಿಗೆ ನಾಳೆ ಕೇಳಬೇಕು.